ನಲವತ್ತಾರನೆಯ ಗುಂಡಿ

ನಲವತ್ತೈದು. ಸೊಸೆ ಮತ್ತೊಮ್ಮೆ ಎಣಿಸಿದಳು. ನಲವತ್ತೈದೇ. ನಿನ್ನೆ ಸಂಜೆ ಡಬ್ಬಿಯಲ್ಲಿ ನಲವತ್ತಾರು ಗುಂಡಿಗಳಿದ್ದವು. ಈಗ ಇಲ್ಲದ್ದು ಕೋಟಿನ ನೀಲಿ ಗುಂಡಿ. ಎರಡೂವರೆ ವರ್ಷದ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದಂಥದ್ದು. ಬೆಳಗಿನಿಂದ ಮಗಳ ಬಾಯಿಗೆ ಬೆರಳು ಹಾಕಿ ನೋಡಿದ್ದಾಯಿತು, ಹಾಸಿಗೆ ಕೊಡವಿದ್ದಾಯಿತು, ಪೊರಕೆಯ ಕಸವನ್ನೂ ಕೆದಕಿದ್ದಾಯಿತು.

“ನುಂಗಿರಲ್ಲ ಬಿಡು,” ಎಂದರು ಅತ್ತೆ, ತಲೆಯೆತ್ತದೆ.

“ನಿಮಗೆ ಹೇಗೆ ಗೊತ್ತು?”

ಅತ್ತೆ ಇನ್ನೊಂದು ಮೊಳೆ ಆರಿಸಿಕೊಂಡರು. ಎಡಗಿವಿಯ ಕಡೆಯಿಂದ ಕೇಳಿದ್ದಕ್ಕೆ ಅವರು ಉತ್ತರ ಕೊಡುವುದು ಕಡಿಮೆ. ಇಪ್ಪತ್ತಾರು ವರ್ಷ ತಗಡಿನ ಡಬ್ಬಿಯ ಕಾರ್ಖಾನೆಯಲ್ಲಿ, ಒತ್ತುಯಂತ್ರದ ಮುಂದೆ ನಿಂತು ಆ ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಕೆಲಸ ಬಿಟ್ಟ ಮರುವಾರವೇ ಕಟ್ಟಡದ ಕೆಳಗಿನ ಖಾಲಿ ಕೋಣೆಯಲ್ಲಿ ಎರಡು ಬೆಂಚು ಜೋಡಿಸಿ, ಯಾರೋ ಕಳಚಿ ಎಸೆದಿದ್ದ ಬಾಗಿಲನ್ನು ಅವುಗಳ ಮೇಲೆ ಮಲಗಿಸಿ, ಮೊಳೆ, ಅಂಟು, ಬಣ್ಣ ಹಿಡಿದು ಕೂತಿದ್ದರು. “ಇಷ್ಟು ವರ್ಷ ಎಲ್ಲ ಡಬ್ಬೀನೂ ಒಂದೇ ಥರ ಮಾಡಿದೆ. ಇನ್ನು ಯಾವುದೂ ಇನ್ನೊಂದರ ಹಾಗಿರಬಾರದು,” ಅನ್ನುವುದು ಅವರ ಮಾತು.

ಕ್ರಮೇಣ ಕಟ್ಟಡದವರೆಲ್ಲ ಬಾಗಿಲಿಗೆ ಅಂಟಿಸಲು ಏನಾದರೊಂದು ತಂದು ಕೈ ಜೋಡಿಸಿದರು. ಮೇಲಿನ ಮನೆಯ ಟೀಚರಮ್ಮ ಸೀಮೆಸುಣ್ಣದ ತುಂಡು ತಂದರು, ಮಗ ನಿಂತುಹೋದ ಗಡಿಯಾರ ಕೊಟ್ಟ, ಸೊಸೆ ಗುಂಡಿಗಳ ಡಬ್ಬಿ ಕೊಟ್ಟು ಅವತ್ತಿನಿಂದಲೇ ಪೇಚಾಡತೊಡಗಿದಳು. ಮೊಮ್ಮಗಳು ಗುಬ್ಬಿಗೆ ಬಾಗಿಲಿನ ಕೆಳಗಿನ ಮೂಲೆ. ಅವಳು ಅಲ್ಲಿ ಉಲ್ಲನ್ ಅಂಟಿಸುತ್ತಾಳೆ, ಅಜ್ಜಿ ಮೊಳೆ ಹೊಡೆಯುವಾಗ ಹಲಗೆಗೆ ಕೆನ್ನೆಯಾನಿಸಿ ಕಣ್ಣು ಮುಚ್ಚುತ್ತಾಳೆ. ಕಲೆ ಎಂದರೆ ಎಷ್ಟು ಪ್ರೀತಿ ನೋಡಿ ಎಂದು ಎಲ್ಲರೂ ಮೆಚ್ಚಿದ್ದರು.

ಸೊಸೆ ಗುಂಡಿ ಎಣಿಸುತ್ತಿದ್ದ ಆ ಶನಿವಾರ ನಲ್ಲಿ ರಿಪೇರಿಯವನು ಒಂದು ಮುಷ್ಟಿ ಹಳೆಯ ರಬ್ಬರ್ ವಾಷರ್‌ಗಳೊಂದಿಗೆ ಬಂದ. ಬಾಗಿಲಿನ ಸುತ್ತ ಒಂದು ಸುತ್ತು ಹಾಕಿದ.

“ಅಮ್ಮಾ, ಇದು ಏನು ಅಂತ ಕೇಳಲ್ಲ. ತಲೆ ಯಾವ ಕಡೆ, ಕಾಲು ಯಾವ ಕಡೆ, ಅಷ್ಟು ಹೇಳಿ.”

“ನಿನ್ನ ಪೈಪಿಗೆ ತಲೆ ಕಾಲು ಇದ್ಯೇನೋ? ಅಂಟಿಸು ಸುಮ್ನೆ.”

ಅವನು ನಗುತ್ತಾ ಹಿಂದೆ ಸರಿದ. ಮೊಣಕೈ ತಗುಲಿ, ತಗಡಿನ ಮುಚ್ಚಳಗಳಿದ್ದ ದೊಡ್ಡ ತಟ್ಟೆ ಕಲ್ಲುನೆಲಕ್ಕೆ ಬಿತ್ತು. ಕಿವಿ ಸೀಳಿಹೋಗುವಂಥ ಸದ್ದು. ಅಂಟು ಹಚ್ಚುತ್ತಾ ಕೂತಿದ್ದ ಟೀಚರಮ್ಮ ಬೆಚ್ಚಿ ಎದೆ ಹಿಡಿದುಕೊಂಡರು. ಒಂದೇ ಕಿವಿಯ ಅತ್ತೆಯೂ ತಿರುಗಿದರು.

ಗುಬ್ಬಿ ತಿರುಗಲಿಲ್ಲ. ಮೂರು ಮಾರು ದೂರದಲ್ಲಿ, ದಪ್ಪ ದುಪ್ಪಟಿಯ ಮೇಲೆ ಇತ್ತ ಬೆನ್ನು ಮಾಡಿ ಕೂತು, ಹಳದಿ ಉಲ್ಲನ್ನಿನ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಸೊಸೆಯ ಕೈಯಿಂದ ಗುಂಡಿಗಳ ಡಬ್ಬಿ ಜಾರಿತು. ಅವಳು ಮಗಳ ಹಿಂದೆ ಹೋಗಿ ಚಪ್ಪಾಳೆ ತಟ್ಟಿದಳು. ಹೆಸರು ಹಿಡಿದು ಕರೆದಳು, ಮತ್ತೆ ಕರೆದಳು, ಕೊನೆಗೆ ಕಿರುಚಿದಳು. ಎಳೆ ಇನ್ನೊಂದು ಸುತ್ತು ಸುತ್ತಿಕೊಂಡಿತು.

ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಅವಳಪ್ಪನಿಗೂ ತಡವಾಗೇ ಬಂದದ್ದು ಎಂದು ಯಾರೋ ಹೇಳಿದ್ದರು. ಜ್ವರ, ಇರುವೆ, ಮೆಟ್ಟಿಲು, ದ್ರಾಕ್ಷಿ, ಲೋಕದ ಸಕಲಕ್ಕೂ ಹೆದರುವ ಸೊಸೆ ಆ ಒಂದು ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದಳು.

ಅತ್ತೆ ಗುಬ್ಬಿಯನ್ನು ಕರೆತಂದು ಅವಳ ಮೂಲೆಯಲ್ಲಿ ನಿಲ್ಲಿಸಿದರು. ಆಮೇಲೆ ಸುತ್ತಿಗೆ ಎತ್ತಿ ಬಾಗಿಲಿನ ಮೇಲ್ತುದಿಗೆ ಮೆಲ್ಲಗೆ ಎರಡು ಬಾರಿ ಬಡಿದರು. ಕೆಳಗಿನ ಮೂಲೆಯಲ್ಲಿ ಕೈಯೂರಿದ್ದ ಗುಬ್ಬಿ ತಟ್ಟನೆ ತಲೆಯೆತ್ತಿ ನಕ್ಕು, ಹಲಗೆಗೆ ಕೆನ್ನೆಯಿಟ್ಟಳು.

“ಕಾರ್ಖಾನೇಲಿ ನಾನೂ ಹೀಗೇ, ಮೇಜಿಗೆ ಕೈಯಿಟ್ಟು ಯಂತ್ರ ಕೇಳಿಸ್ಕೊಳ್ತಿದ್ದೆ,” ಎಂದರು ಅತ್ತೆ. “ಎರಡು ತಿಂಗಳಿಂದ ನನಗೆ ಅನುಮಾನ ಇತ್ತಮ್ಮ.”

“ಎರಡು ತಿಂಗಳು?” ಸೊಸೆ ಅತ್ತೆಯ ಕಡೆ ತಿರುಗಿದಳು. “ನನಗೆ ಯಾಕೆ ಹೇಳಲಿಲ್ಲ?”

“ನಿನ್ನ ಗಂಡನಿಗೆ ಹೇಳಿದೆ. ಅವಳಿಗೆ ಹೇಳ್ಬೇಡಮ್ಮ, ಊಟ ನಿದ್ದೆ ಬಿಡ್ತಾಳೆ, ನಾನೇ ನಿಧಾನವಾಗಿ ಹೇಳ್ತೀನಿ ಅಂದ. ಆಣೆ ಹಾಕಿಸ್ಕೊಂಡ.”

ನಲ್ಲಿಯವನು ಬಗ್ಗಿ ಮುಚ್ಚಳ ಆರಿಸತೊಡಗಿದ, ಒಂದಕ್ಕೊಂದು ತಾಗದಂತೆ. ಸೊಸೆಗೆ ಮಗಳ ಕಿವಿಯ ಸುದ್ದಿ ಒಂದು ಪೆಟ್ಟು. ತನ್ನ ಹೆದರಿಕೆಗೆ ಹೆದರಿ ಮನೆಯವರು ಬಾಯಿ ಹೊಲಿದುಕೊಂಡಿದ್ದರು ಎಂಬುದು ಇನ್ನೊಂದು. ಅದು ಎಲ್ಲಿ ತಗುಲಿತೆಂದೇ ಅವಳಿಗೆ ತಿಳಿಯಲಿಲ್ಲ.

“ಬಾಯಿಬಿಟ್ಟು ಹೇಳಲ್ಲ ಅಂತಷ್ಟೇ ಆಣೆ ಹಾಕಿದ್ದು,” ಅತ್ತೆ ಅವಳ ಮಣಿಕಟ್ಟು ಹಿಡಿದು ಬಾಗಿಲಿನ ಬಲಮೂಲೆಗೆ ಕರೆದೊಯ್ದರು. “ಇಲ್ಲಿ ನೋಡು.”

ಅಲ್ಲಿ, ಟೀಚರಮ್ಮನ ಸೀಮೆಸುಣ್ಣದ ಪಕ್ಕ, ಒಂದು ಕಾರ್ಡ್ ಅಂಟಿತ್ತು. ಅತ್ತೆ ತಮ್ಮ ಕಿವಿ ತೋರಿಸಿದ್ದ ಕ್ಲಿನಿಕ್ಕಿನದು. ಅದಕ್ಕೆ ಒತ್ತಿಕೊಂಡು, ಇನ್ನೂ ಅಂಟು ಪೂರ್ತಿ ಆರದ ನೀಲಿ ಗುಂಡಿ.

“ಕಾರ್ಡ್ ಹಾಕಿ ತಿಂಗಳಾಯ್ತು. ದಿನಾ ಇಲ್ಲೇ ಓಡಾಡ್ತೀಯ, ಕಣ್ಣು ಮಾತ್ರ ಗುಂಡಿ ಡಬ್ಬಿ ಮೇಲೇ. ಅದಕ್ಕೇ ನಿನ್ನೆ ರಾತ್ರಿ ಒಂದನ್ನ ತೆಗೆದು ಇಲ್ಲಿಟ್ಟೆ. ಅದನ್ನ ಹುಡುಕ್ತಾ ಬಂದಾದ್ರೂ ಓದ್ತೀಯ ಅಂತ.”

ಸೊಸೆ ಬೈಯಬೇಕೆಂದುಕೊಂಡಳು; ಅದರ ಬದಲು ಫೋನ್ ತೆಗೆದಳು. ಬೆರಳು ಅಭ್ಯಾಸಬಲದಿಂದ ಗಂಡನ ಹೆಸರಿನ ಮೇಲೆ ಹೋಯಿತು. ಅಲ್ಲಿಂದ ಎತ್ತಿ, ಕಾರ್ಡಿನ ಒಂದೊಂದೇ ಅಂಕಿ ನೋಡಿ ಒತ್ತಿದಳು. ಅತ್ತ ರಿಂಗಾಗುತ್ತಿರಲು ಇನ್ನೊಂದು ಕೈಯನ್ನು ಬಾಗಿಲಿನ ಮೇಲಿಟ್ಟಳು. ಗುಬ್ಬಿ ಕೆಳಗಿನಿಂದ ಹಲಗೆ ತಟ್ಟುತ್ತಿದ್ದಳು. ಅದು ಅಂಗೈಗೆ ಬಂದು ತಲುಪುತ್ತಿತ್ತು.

“ಹಲೋ, ಹೇಳಿ. ಯಾರಿಗೆ ತೋರಿಸಬೇಕಿತ್ತು?”

“ನನ್ನ ಮಗಳಿಗೆ,” ಎಂದಳು ಅವಳು. “ಇವತ್ತೇ ಆಗುತ್ತಾ?”