ರೆಕ್ಕೆ ಹೊಲಿದವರು
ಸೊಲ್ಲಾಪುರದಲ್ಲಿ ನಾನು ಹಾರಿಸುವ ಹಳೆಯ ವಿಮಾನದ ರೆಕ್ಕೆಗೆ ತಗಡಿಲ್ಲ, ಬಟ್ಟೆ. ಅದನ್ನು ಹೊಲಿಯುತ್ತಿದ್ದ ಮೇಸ್ತ್ರಿ ಅಕ್ಕಲಕೋಟೆ ಹತ್ತಿರದ ತಡವಳದವರು, ಕುರಿ ಕಾಯುವ ಮನೆತನ. ಕಂಬಳಿ ಹೊಲಿದು ಪಳಗಿದ ಕೈ. ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು. ಹೊಸ ಕಂಬಳಿಯನ್ನು ಮಾರುವ ಮೊದಲು ತಾವೇ ಹೊದ್ದು ನೋಡುವುದು ಅವರ ಮನೆಯ ಪದ್ಧತಿ. “ಹೊಲಿದಾಂವನ ಮೊದಲ ಹೊದ್ಕೋಬೇಕ್ರಿ” ಎನ್ನುತ್ತಿದ್ದರು.

ಒಮ್ಮೆ ಇಡೀ ರೆಕ್ಕೆಯನ್ನೇ ಹೊಸದಾಗಿ ಹೊಲಿದರು. ತಪಾಸಣೆಯ ಸಾಹೇಬರು ಹೊಲಿಗೆ ಎಳೆದೆಳೆದು ನೋಡಿ, ಹಾರಿಸಿ ತೋರಿಸಿದರೆ ಸಹಿ, ಇಲ್ಲವಾದರೆ ವಿಮಾನ ವಸ್ತುಸಂಗ್ರಹಾಲಯಕ್ಕೆ ಎಂದರು. ಏಣಿ ಹತ್ತಲೂ ಅಂಜುವ ಮೇಸ್ತ್ರಿ ಅದೇ ಕಂಬಳಿಯ ಮಾತು ಹೇಳಿ ನನ್ನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಖುಷಿಯಾಗಲೆಂದು ತಡವಳದ ಮೇಲೆ ಎರಡು ಸುತ್ತು ಹೊಡೆದೆ.

ಇಳಿದೆವು. ಸಹಿಯೂ ಬಿತ್ತು.

“ಮ್ಯಾಲಿಂದ ನಿಮ್ಮೂರು ಹೆಂಗ ಕಾಣಿಸ್ತ್ರಿ?” ಎಂದೆ.

“ಊರ ಯಾವಾಗ ಬಂತ್ರಿ? ನಾ ಹೊಲಿಗಿ ನೋಡಾಕತ್ತಿದ್ನಿ!”