ಗಿಡ್ಡಿಯ ಸೊಂಟದ ಅಳತೆ

ಅಳತೆ ತೆಗೆಯುವುದರಲ್ಲಿ ಆ ದರ್ಜಿ ಎತ್ತಿದ ಕೈ. ಸುಳ್ಳು ಅಳತೆ ಹೇಳುವುದರಲ್ಲಂತೂ ಅವನನ್ನು ಮೀರಿಸುವವರಿಲ್ಲ. ಹೊಟ್ಟೆ ಬೆಳೆಸಿಕೊಂಡು ಬಂದ ಗಿರಾಕಿಗೆ ಟೇಪನ್ನು ಬಿಗಿಯಾಗಿ ಎಳೆದು, "ಹೋದ ಸಲಕ್ಕಿಂತ ಇಳಿದಿದ್ದೀರಾ ಸಾರ್!" ಎನ್ನುತ್ತಿದ್ದ. ಆಮೇಲೆ ಸದ್ದಿಲ್ಲದೆ ಪ್ಯಾಂಟನ್ನು ಸಡಿಲ ಹೊಲಿದು ಕೊಡುತ್ತಿದ್ದ. ಗಿರಾಕಿ ಉಬ್ಬಿಹೋಗುತ್ತಿದ್ದ, ಎರಡೂ ಅರ್ಥದಲ್ಲಿ.

ಅವನ ನಾಯಿ ಗಿಡ್ಡಿ ಬೆಕ್ಕಿನಷ್ಟೆತ್ತರದ ತಳಿ. ಆಕಾರ ಮಾತ್ರ ಹತ್ತಿ ತುಂಬಿದ ದಿಂಬು. ನಾಯಿ ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದ್ದರು: "ಇಷ್ಟು ಪುಟ್ಟ ಜೀವಕ್ಕೆ ಒಂದು ಬನ್ನು ಅಂದ್ರೆ ನಮಗೆ ಎರಡು ಊಟ ಇದ್ದ ಹಾಗೆ. ಹೊಟ್ಟೆ ಇಳೀಲಿಲ್ಲ ಅಂದ್ರೆ ಹೃದಯ ತಡೆಯಲ್ಲ." ಬೆಳಿಗ್ಗೆ, ಸಂಜೆ ಸಣ್ಣ ಕಾಳಿನ ನಾಯಿ ಆಹಾರ ಒಂದು ಹಿಡಿ, ಉಪ್ಪಿಲ್ಲದೆ ಬೇಯಿಸಿದ ಕೋಳಿ ಒಂದಿಷ್ಟು, ಕ್ಯಾರೆಟ್ ಚೂರು. ಬೇರೇನೂ ಕೂಡದು.

ಬೇಯಿಸುವುದು ಹೆಂಡತಿಯ ಪಾಲಿಗೆ ಬಂತು, ವಾರವಾರ ಸೊಂಟ ಅಳೆಯುವುದು ಗಂಡನ ಪಾಲಿಗೆ. ಆದರೆ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಕೆಳಗೆ, ಗಿಡ್ಡಿಗೆ ಅವನ ಬೆಣ್ಣೆ ಬನ್ನಿನ ಸರಬರಾಜು ನಿಲ್ಲಲಿಲ್ಲ. ಜನ ರೆಡಿಮೇಡ್ ಅಂಗಡಿಗಳಿಗೆ ಮುಗಿಬಿದ್ದ ಮೇಲೆ ಅವನ ಕೈಯನ್ನು ಆಸೆಗಣ್ಣಿನಿಂದ ನೋಡುವ ಜೀವ ಅದೊಂದೇ ಉಳಿದಿತ್ತು. ಅದೂ ಕೈಬಿಟ್ಟು ಹೋದೀತೆಂದು ಅವನಿಗೆ ಭಯ. ಭಾನುವಾರ ಟೇಪು ಹಿಡಿದವನು ಹಳೆಯ ಕೈಚಳಕವನ್ನೇ ತೋರಿಸಿದ. ಗಿಡ್ಡಿ ಕುಂಯ್ ಎಂದಿತು.

"ಇಳಿದಿದೆ ಕಣೇ!"

"ಹೌದಾ? ಅಯ್ಯೋ ಪಾಪ, ಕೂಸು ಒಣಗಿಹೋಗ್ತಿದೆ."

ಎದುರಿಗೆ ದಿಂಬು ಉರುಳಾಡುತ್ತಿದ್ದರೂ ಹೆಂಡತಿ ಕಣ್ಣನ್ನು ಬಿಟ್ಟು ಟೇಪನ್ನು ನಂಬಿದಳು. ಕೋಳಿಯ ಪಾಲು ಹೆಚ್ಚಿಸಿದಳು. ಮುಂದಿನ ವಾರ ಗಿಡ್ಡಿ ಇನ್ನಷ್ಟು 'ಇಳಿಯಿತು'. ಅವಳು ಇನ್ನಷ್ಟು ಬಡಿಸಿದಳು. ಬೇಡವೆಂದರೆ ತನ್ನ ಬಣ್ಣ ಬಯಲಾಗುತ್ತದೆ. ಹಾಗಾಗಿ ದರ್ಜಿ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಬೆಳಿಗ್ಗೆ ಗಿಡ್ಡಿ ಅಂಗಡಿಯ ಮೆಟ್ಟಿಲು ಹತ್ತಲಾರದೆ ಕುಸಿದುಬಿತ್ತು. ಇಬ್ಬರೂ ಬಿದ್ದಂಬೀಳ ಓಡಿದರು. ಡಾಕ್ಟರಮ್ಮ ಸೂಜಿ ಚುಚ್ಚಿ, ಉಸಿರು ಹದಕ್ಕೆ ಬಂದ ಮೇಲೆ ನಾಯಿಯನ್ನು ತಕ್ಕಡಿಯ ಮೇಲಿಟ್ಟು ದಂಗಾದರು.

"ಮನೇಲಿ ಅಳತೆ ತೆಗೀತಿದ್ದೋರು ಯಾರು?"

"ಇವರೇ. ಊರಿಗೆಲ್ಲ ಅಳತೆ ತೆಗೆಯೋರು," ಎಂದಳು ಹೆಂಡತಿ. ದರ್ಜಿ ಟೇಪಿನ ಕಥೆ, ಬನ್ನಿನ ಕಥೆ ಎರಡನ್ನೂ ಒಪ್ಪಿಕೊಂಡ.

"ಇನ್ನು ಇವರ ಕೈಯಿಂದ ಒಂದು ಚೂರೂ ಬೇಡ," ಎಂದು ಡಾಕ್ಟರಮ್ಮ ತೀರ್ಪು ಕೊಟ್ಟರು.

ಗಿಡ್ಡಿ ಬದುಕಿಕೊಂಡಿತು. ಮನೆಗೆ ಬಂದ ಮೇಲೆ ದರ್ಜಿಯ ಅಂಗೈ ಮೂಸಿತು, ಏನೂ ಸಿಗದೆ ನೇರ ಅಡುಗೆಮನೆಗೆ ನಡೆಯಿತು. ಮರುದಿನವೂ ಅಷ್ಟೇ. ಮೂರನೆಯ ದಿನ ಮೂಸುವ ಗೋಜಿಗೂ ಹೋಗಲಿಲ್ಲ.

"ಇಷ್ಟು ಮಾಡಿದೋನ ಮುಖ ಕೂಡ ನೋಡಲ್ಲ ಇದು," ಎಂದು ದರ್ಜಿ ಕಣ್ಣೊರೆಸಿಕೊಂಡ.

ಹೆಂಡತಿ ಕ್ಯಾರೆಟ್ ಹೆಚ್ಚುತ್ತಲೇ ಕೇಳಿದಳು: "ಮದುವೆಯಾದಾಗಿಂದ ಬೇಯಿಸಿ ಹಾಕ್ತಿದ್ದೀನಿ. ನೀವು ನನ್ನ ಮುಖ ಯಾವತ್ತು ನೋಡಿದ್ರಿ? ನಿಮಗೆ ಮೂರೇ ದಿನಕ್ಕೆ ಅಳು ಬಂತಾ?"