ಕೊಲ್ಹಾಪುರಕ್ಕೆ ಹೋಗುತ್ತಿದ್ದ ಡಬ್ಬಿ

ಮಗ ಶಿವಗೊಂಡನನ್ನು ಫುಟ್‌ಬಾಲ್ ಕಲಿಯಲು ಎಲ್ಲಿಗೆ ಕಳಿಸಬೇಕೆಂಬ ಮಾತು ಶುರುವಾದಾಗ ಅನ್ನವ್ವ ಕಾಂಡಿ ಮಷೀನಿನ ಮುಂದೆ ಕೂತಿದ್ದಳು. ಆ ಮನೆಯ ದೊಡ್ಡ ಮಾತುಗಳೆಲ್ಲ ಅವಳು ಅಲ್ಲಿ ಕೂತಾಗಲೇ ಆಗುತ್ತಿದ್ದವು. ಮಷೀನಿನ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸುವುದಿಲ್ಲವೆಂದು ಗಂಡಸರು ನಂಬಿದ್ದರು.

ಅದು ಎಂಬತ್ತೆರಡರ ಬೇಸಿಗೆ. ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ ಅವಳ ಗಂಡ ಗುರುಸಿದ್ದನ ನಾಲ್ಕು ಮಗ್ಗ ಓಡುತ್ತಿದ್ದವು. ಲಾಳಿಯೊಳಗೆ ಕೂರುವ ಕಾಂಡಿಗೆ ನೂಲು ಸುತ್ತಿ ಕೊಡುವುದು ಮನೆಯ ಹೆಂಗಸಿನ ಕೆಲಸ. ಕಾಂಡಿ ತಪ್ಪಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಗುರುಸಿದ್ದನ ಬಾಯಿ ಶುರುವಾಗುತ್ತದೆ. ಗಡಹಿಂಗ್ಲಜದಿಂದ ಹದಿನಾರನೇ ವಯಸ್ಸಿಗೆ ಸೊಸೆಯಾಗಿ ಬಂದ ಅನ್ನವ್ವ ಅರಿಶಿನ ಆರುವ ಮೊದಲೇ ಅತ್ತೆಯ ಪಕ್ಕ ಆ ಮಣೆಯ ಮೇಲೆ ಕೂತವಳು. ಅತ್ತೆ ತೀರಿದ ಮೇಲೆ ಮಣೆ ಪೂರ್ತಿ ಅವಳದೇ ಆಯಿತು.

ಮಗಳು ಮಂಗಲ ಜೂನಿನಲ್ಲಿ ಹತ್ತನೇ ಇಯತ್ತೆಗೆ ಹೋಗಬೇಕಿತ್ತು. ಅವಳದು ಬೆಳಗಿನ ಶಾಲೆ. ಕಾಂಡಿಗೆ ಎಲ್ಲಕ್ಕಿಂತ ಹೆಚ್ಚು ಅವಸರವಿರುವುದೂ ಬೆಳಿಗ್ಗೆಯೇ. ಹಾಗಾಗಿ ಅನ್ನವ್ವ ಬೆಳಗಿನ ಅಡಿಗೆಯನ್ನು ಹಿಂದೆ ಹಾಕಿ, ರಾತ್ರಿಯ ರೊಟ್ಟಿಯ ಮೇಲೆ ಎಲ್ಲರನ್ನೂ ಸಾಗಹಾಕಿ, ತಾನೇ ಮಷೀನಿಗೆ ಕೂರುತ್ತಿದ್ದಳು. ಮಂಗಲ ಎರಡು ಜಡೆ ಹಾಕಿಕೊಂಡು ಹೊರಬೀಳುತ್ತಿದ್ದಳು. ಈ ಏರ್ಪಾಟನ್ನು ಅನ್ನವ್ವ ಯಾರನ್ನೂ ಕೇಳದೆ ಮಾಡಿಕೊಂಡಿದ್ದಳು. ಯಾರೂ ಅದನ್ನು ಏರ್ಪಾಟು ಎಂದು ಗುರುತಿಸಿರಲೂ ಇಲ್ಲ.

ಶಿವಗೊಂಡನಿಗೆ ಹದಿಮೂರು ತುಂಬಿತ್ತು. ಕಾಲಲ್ಲಿ ಚೆಂಡಿದ್ದರೆ ಅವನನ್ನು ಹಿಡಿಯುವವರಿಲ್ಲ ಎಂದು ಊರು ಹೇಳುತ್ತಿತ್ತು. ಮುಂದೆ ಮೂರು ದಾರಿಗಳಿದ್ದವು. ಕೊಲ್ಹಾಪುರದ ಒಂದು ತಾಲೀಮಿನವರು, ಅಂದರೆ ಕುಸ್ತಿಯ ಗರಡಿಯವರು, ಹುಡುಗರ ತಂಡ ಕಟ್ಟುತ್ತಿದ್ದರು. ಗಡಹಿಂಗ್ಲಜದಲ್ಲೂ ಒಳ್ಳೆಯ ಮೈದಾನವಿತ್ತು, ಆಟ ಬಲ್ಲ ಹಿರಿಯರಿದ್ದರು. ಇನ್ನು ಇಚಲಕರಂಜಿಯಲ್ಲೇ ಡ್ರಿಲ್ ಮಾಸ್ತರ ಅಭಯಕುಮಾರ ನೂಲಿಗೆ ಗಂಜಿ ಹಾಕುವ ಒಂದು ಸೈಝಿಂಗ್ ಕಾರ್ಖಾನೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಸಂಜೆ ಹೊತ್ತು ಹುಡುಗರನ್ನು ಆಡಿಸುತ್ತಿದ್ದ. ಜಾಗ ಚಿಕ್ಕದು, ಹಾಗಾಗಿ ಪಕ್ಷಕ್ಕೆ ಐದೇ ಮಂದಿ. ಚೆಂಡು ಜಿಗಿಯದ ಹಾಗೆ ಗಾಳಿ ಕಡಿಮೆ. ಇಕ್ಕಟ್ಟಿನಲ್ಲಿ ಆಡಿದರೆ ಕಾಲು ಚುರುಕಾಗುತ್ತದೆ ಎಂಬುದು ಅವನ ವಾದ.

ಅನ್ನವ್ವನ ಮಾವ ಕಾಡಸಿದ್ದನಿಗೆ ಆ ವಾದ ಹಿಡಿಸಲಿಲ್ಲ. ಅವನು ಹರೆಯದಲ್ಲಿ ಕುಸ್ತಿ ಹಿಡಿದವನು. ಕೊಲ್ಹಾಪುರದ ಫುಟ್‌ಬಾಲ್ ತಂಡಗಳೆಲ್ಲ ತಾಲೀಮುಗಳವು. ಆದ್ದರಿಂದ ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ ಕುಸ್ತಿ ಎಂದೇ ಅವನ ತಿಳುವಳಿಕೆ.

“ಅಂಗಳದಾಗ ಐದ ಮಂದಿ ಚೆಂಡ ಉಳ್ಳಸೂದು ಆಟೇನಲೇ? ಗಾದಿ ಮ್ಯಾಲೆ ಕುಸ್ತಿ ಹಿಡದಂಗ ಆತು,” ಎಂದ.

ಗುರುಸಿದ್ದ ಗಡಹಿಂಗ್ಲಜದ ಹೆಸರೆತ್ತಿದ. ಹೆಂಡತಿಯ ತವರು, ಅನ್ನಕ್ಕೆ ಚಿಂತೆಯಿಲ್ಲ. ಅನ್ನವ್ವನ ಕೈ ನೂಲಿನ ಮೇಲೆ ನಿಂತಿತು. ಹಿಂದಿನ ಸಂಕ್ರಾಂತಿಗೆ ಹೋದಾಗ ಅವಳು ಅಣ್ಣನ ಹೆಂಡತಿ ಬಾಳಕ್ಕನನ್ನು ಕಣ್ಣಾರೆ ಕಂಡಿದ್ದಳು. ಹಾಸಿಗೆ ಹಿಡಿದ ಅತ್ತೆ, ಅಂದರೆ ಅನ್ನವ್ವನ ಅವ್ವ, ಒಂದು ಕಡೆ. ಎಮ್ಮೆಗಳು ಒಂದು ಕಡೆ. ಹೊಲದ ಬುತ್ತಿ ಒಂದು ಕಡೆ. “ಕಳಸ್ರಿ, ಒಂದ ತಾಟ ಹೆಚ್ಚ, ಅಷ್ಟ ಅಲ್ಲ?” ಎಂದು ಶಿವಗೊಂಡನ ಮಾತು ಬಂದಾಗ ಬಾಳಕ್ಕ ನಕ್ಕೇ ಅಂದಿದ್ದಳು. ನಗುವಾಗಲೂ ಅವಳ ಅಂಗೈ ಬಿರುಕಿನಿಂದ ಮುಚ್ಚುತ್ತಿರಲಿಲ್ಲ. ತನ್ನ ಅವ್ವನ ಮಲಮೂತ್ರ ಬಳಿಯುವವಳಿಗೆ ತನ್ನ ಮಗನನ್ನೂ ಒಪ್ಪಿಸಲು ಅನ್ನವ್ವನಿಗೆ ಮನಸ್ಸಾಗಲಿಲ್ಲ. ಗಡಹಿಂಗ್ಲಜ ಬೇಡ ಎಂದಷ್ಟೇ ಹೇಳಿದಳು. ತವರಿನ ಮೇಲೆ ಏನೋ ಸಿಟ್ಟಿರಬೇಕೆಂದು ಗಂಡಸರು ತಿಳಿದುಕೊಂಡರು.

ಹಾಗಾಗಿ ಕೊಲ್ಹಾಪುರವೇ ನಿಂತಿತು. ಗುರುಸಿದ್ದನ ಅಕ್ಕ ಸುಶೀಲಾಬಾಯಿಯ ಮನೆ ತಾಲೀಮಿನ ಓಣಿಯಲ್ಲೇ ಇತ್ತು. ಅವಳು ಹೇಳಿ ಕಳಿಸಿದ್ದು ಮಾತ್ರ ಸ್ಪಷ್ಟವಾಗಿತ್ತು: ಹುಡುಗನಿಗೆ ಮಲಗಲು ಜಾಗವಿದೆ, ಒಲೆಯ ಮೇಲೆ ಜಾಗವಿಲ್ಲ. ಆಗಲೇ ಅವಳು ಮೈದುನರಿಗೆ, ಅವರ ಮಕ್ಕಳಿಗೆ ಬೇಯಿಸುತ್ತಿದ್ದಳು. ಗುರುಸಿದ್ದ ಅಕ್ಕನನ್ನು ಬೈದ. ಅನ್ನವ್ವನಿಗೆ ಬೈಯಬೇಕೆನಿಸಲಿಲ್ಲ, ಹಾಗೆ ಹೇಳಿ ಕಳಿಸುವ ಧೈರ್ಯ ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಕೆನಿಸಿತು.

“ಅವನ ಅಡಗಿ ಯಾರ ಮಾಡವರು?” ಎಂದಳು ಮಷೀನು ನಿಲ್ಲಿಸಿ.

ಕಾಡಸಿದ್ದ ನಕ್ಕ. “ಎಸ್‌ಟಿ ಬಸ್ಸ ಯಾಕ ಐತಿ? ಡಬ್ಬಿ ಕಳಸೂದು.”

ಅದು ಆ ಸೀಮೆಯ ವಾಡಿಕೆ. ಕೊಲ್ಹಾಪುರದಲ್ಲಿ ಓದುವ ಹಳ್ಳಿ ಹುಡುಗರಿಗೆಲ್ಲ ಊರಿಂದ ಡಬ್ಬಿ ಬರುತ್ತಿತ್ತು. ಮುಚ್ಚಳದ ಮೇಲೆ ಹೆಸರು ಬರೆಸಿ, ಅರಿವೆ ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ಕೊಟ್ಟರೆ ಸ್ಟ್ಯಾಂಡಿನಲ್ಲಿ ಇಳಿಸುತ್ತಿದ್ದರು; ಹುಡುಗರು ತಮ್ಮ ತಮ್ಮ ಹೆಸರು ನೋಡಿ ಎತ್ತಿಕೊಳ್ಳುತ್ತಿದ್ದರು. ಖಾಲಿ ಡಬ್ಬಿ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುತ್ತಿತ್ತು. ಎಷ್ಟೋ ಹುಡುಗರು ಹೀಗೆ ಡಬ್ಬಿ ತಿಂದು ವಕೀಲರಾಗಿದ್ದಾರೆ ಎಂದು ಕಾಡಸಿದ್ದ ಹೇಳಿದ. ಕಟ್ಟಿದವರು ಏನಾದರೆಂದು ಹೇಳಲಿಲ್ಲ.

ಒಂದು ತಿಂಗಳು ನೋಡೋಣ ಎಂದು ಶಿವಗೊಂಡನನ್ನು ಬೇಸಿಗೆಯ ಸೂಟಿಯಲ್ಲಿ ಕಳಿಸಿದರು. ಡಬ್ಬಿಯಲ್ಲಿ ರೊಟ್ಟಿ ಪಲ್ಯ ಹೋದರೆ ಸಾಕಾಗಿತ್ತು. ಆದರೆ ಕಾಡಸಿದ್ದ ಖುರಾಕಿನ ಮಾತು ತೆಗೆದ. ತಾಲೀಮಿಗೆ ಹೋಗುವ ಹುಡುಗನಿಗೆ ಪೈಲವಾನನ ಖುರಾಕೇ ಬೇಕು. ನೆನೆಸಿದ ಬಾದಾಮಿಯ ಸಿಪ್ಪೆ ಸುಲಿದು ಕಲ್ಲಿನಲ್ಲಿ ಅರೆಯಬೇಕು, ಹಾಲು ಕುದಿಸಿ ಅರ್ಧಕ್ಕೆ ಇಳಿಸಬೇಕು, ರೊಟ್ಟಿ ತುಪ್ಪದಲ್ಲಿ ಮುಳುಗಬೇಕು. ಅವನು ಬಾಗಿಲಲ್ಲಿ ಕೂತು ಅರೆಯುವುದನ್ನು ನೋಡುತ್ತಿದ್ದ. ತರಿ ಉಳಿದರೆ ನಾಲಿಗೆಗೆ ಹಚ್ಚಿಕೊಂಡು ಹೇಳುತ್ತಿದ್ದ, “ಇನ್ನೊಂದ ಸುತ್ತ ಎಳಿಬೇಕವ್ವಾ.”

ಅನ್ನವ್ವ ಇನ್ನೊಂದು ಸುತ್ತು ಎಳೆಯುತ್ತಿದ್ದಳು. ಬಸ್ಸಿನ ಹಾರ್ನು ಕೇಳಿಸಿದ ಮೇಲೆ ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಓಡುತ್ತಿದ್ದಳು. ಅತ್ತ ಮಗ್ಗ ನಿಲ್ಲಬಾರದಲ್ಲ, ಮಂಗಲ ಮಷೀನಿಗೆ ಕೂತಳು. ಸೂಟಿ ಅಲ್ಲವೇ ಎಂದು ಯಾರಿಗೂ ಅದು ವಿಶೇಷವೆನಿಸಲಿಲ್ಲ. ಹುಡುಗಿಯ ಕೈ ಬೇಗ ಕುದುರಿತು. ಮಗಳು ಅವ್ವನಿಗಿಂತ ಚಲೋ ಸುತ್ತುತ್ತಾಳೆ ಎಂದು ಗುರುಸಿದ್ದ ಹೊಗಳಿದ. ಆ ಹೊಗಳಿಕೆ ಅನ್ನವ್ವನಿಗೆ ಹೊಸದಲ್ಲ. ತನ್ನನ್ನೂ ಅತ್ತೆ ಹೀಗೇ ಹೊಗಳಿದ್ದಳು.

“ಅವ್ವಾ, ಸಾಳಿ ಚಾಲೂ ಆದ ಮ್ಯಾಲೆ ಮುಂಜಾನೆ ಕಾಂಡಿ ಯಾರ ಸುತ್ತತಾರ?” ಎಂದು ಮಂಗಲ ಒಂದು ದಿನ ಕೇಳಿದಳು. ಅವಳ ದನಿಯಲ್ಲಿ ತಂಟೆಯಿರಲಿಲ್ಲ. ಉತ್ತರ ಗೊತ್ತಿದ್ದವರು ಕೇಳುವ ಹಾಗೆ ಕೇಳಿದ್ದಳು.

ತಿಂಗಳು ಮುಗಿಯುವಾಗ ತಾಲೀಮಿನಿಂದ ಕರೆ ಬಂತು. ಗುರುಸಿದ್ದನ ಜೊತೆ ಅನ್ನವ್ವನೂ ಹೋದಳು. ಮಗ ಆಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಮೈದಾನದ ಅಂಚಿನಲ್ಲಿ ನಿಂತವಳಿಗೆ ಮೊದಲು ಗುರುತೇ ಹತ್ತಲಿಲ್ಲ. ಕೆನ್ನೆ ಉಬ್ಬಿತ್ತು, ಬನಿಯನ್ ಹೊಟ್ಟೆಯ ಮೇಲೆ ಬಿಗಿಯಾಗಿತ್ತು. ಚೆಂಡು ಬಂದರೆ ಕಾಲು ಈಗಲೂ ಚೆಂದ ತಿರುಗುತ್ತಿತ್ತು. ಆದರೆ ನಾಲ್ಕು ಹೆಜ್ಜೆಗೆ ಉಬ್ಬಸ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ.

“ಪೋರಗಾ ಚಾಂಗಲಾ ಆಹೇ, ಪಣ ಜಡ ಝಾಲಾಯ,” ಎಂದ ಹುಡುಗರನ್ನು ಆಡಿಸುವಾತ. ಹುಡುಗ ಒಳ್ಳೆಯವನೇ, ಭಾರವಾಗಿದ್ದಾನೆ. ಮನೆಯಲ್ಲಿ ಏನು ತಿನ್ನಿಸುತ್ತೀರಿ ಎಂದು ಅನ್ನವ್ವನನ್ನೇ ಕೇಳಿದ. ಮಳೆಗಾಲವೆಲ್ಲ ಇಲ್ಲೇ ಇಟ್ಟು ಹಗುರು ಊಟ ಕೊಟ್ಟರೆ ಸೀಸನ್ನಿಗೆ ಆದಾನು ಎಂದ.

ಬಸ್ಸಿನಲ್ಲಿ ಗುರುಸಿದ್ದ ಹೆಂಡತಿಯ ಮೇಲೆ ಹರಿಹಾಯ್ದ. ತಾಯಿಗೆ ಮಗನ ಮೈ ತಿಳಿಯಬೇಡವೇ, ಇಷ್ಟು ತುಪ್ಪ ಸುರಿಯುತ್ತಾರೆಯೇ ಎಂದ. ಮನೆಯಲ್ಲಿ ಕಾಡಸಿದ್ದನಿಗೂ ಅದೇ ಸರಿ ಕಂಡಿತು; ಖುರಾಕಿನಲ್ಲಿ ತಪ್ಪಿಲ್ಲ, ಕೊಡುವ ಕೈಗೆ ಅಳತೆ ಇಲ್ಲ. ಇನ್ನು ಮೇಲೆ ಬರೀ ರೊಟ್ಟಿ, ಕಾಳು, ಮಜ್ಜಿಗೆ. ಡಬ್ಬಿ ದಸರೆಯ ತನಕ ಹೋಗಲಿ. ಮಂಗಲಳ ಕೈ ಹೇಗೂ ಕುದುರಿದೆ.

ಮರುದಿನ ಬೆಳಿಗ್ಗೆ ಕಾಡಸಿದ್ದ ಬಂದು ನೋಡಿದರೆ ಒಲೆ ತಣ್ಣಗಿತ್ತು. ಡಬ್ಬಿ ತೊಳೆದು ಬೋರಲು ಹಾಕಿತ್ತು. ಅನ್ನವ್ವ ಮಷೀನಿನ ಮುಂದೆ ಕೂತಿದ್ದಳು.

“ಡಬ್ಬಿ ಎಲ್ಲೈತಿ?”

“ಕಟ್ಟಿಲ್ಲರಿ ಮಾವಾ.”

ಅವನು ಮಗನನ್ನು ಕೂಗಿದ. ಗುರುಸಿದ್ದ ಶೆಡ್ಡಿನಿಂದ ಬಂದ. ಅನ್ನವ್ವ ಮಷೀನು ನಿಲ್ಲಿಸಲಿಲ್ಲ, ಸ್ವಲ್ಪ ದನಿ ಏರಿಸಿದಳು.

“ಸೋಮಾರ ಮಂಗಲನ ಸಾಳಿ ಐತಿ. ಕಾಂಡಿ ನಾ ಸುತ್ತತೀನಿ. ಕಾಂಡಿ ಸುತ್ತಿದ್ರ ಡಬ್ಬಿ ಆಗೂದಿಲ್ಲ, ಡಬ್ಬಿ ಕಟ್ಟಿದ್ರ ಕಾಂಡಿ ಆಗೂದಿಲ್ಲ. ನಂಗ ಇರೂವು ಎರಡ ಕೈ ರೀ.”

“ಆಕಿ ಒಂದ ವರ್ಷ ಮನ್ಯಾಗ ಕುಂತರ ಏನ ಮುಳಗತೈತಿ?” ಎಂದ ಗುರುಸಿದ್ದ.

“ಒಂದ ವರ್ಷ ಕುಂತಾಕಿ ಮತ್ತ ಏಳೂದಿಲ್ಲ. ನಾ ಕುಂತೀನಲ್ಲ, ಎದ್ದೀನೇನ?”

ಸೊಕ್ಕು ಬಂದೈತಿ ಎಂದ ಗುರುಸಿದ್ದ.

“ಬಂದಿರಬೇಕು. ಹಿಟ್ಟ ಡಬರ್‍ಯಾಗ ಐತಿ. ಕಳಸಬೇಕಂದ್ರ ನೀವ ರೊಟ್ಟಿ ಬಡದ ಕಳಸ್ರಿ.”

ಮಾವ, ಗಂಡ ಇಬ್ಬರೂ ಅಂದು ಉಪವಾಸ ಕೂತರು, ಅವಳನ್ನು ಹೆದರಿಸಲೆಂದು. ಮಧ್ಯಾಹ್ನ ಅವಳು ಎಂದಿನಂತೆ ರೊಟ್ಟಿ ಬಡಿದಾಗ ಬಂದು ಉಂಡರು. ಡಬ್ಬಿ ಬಾರದ್ದರಿಂದ ಸುಶೀಲಾಬಾಯಿ ಹುಡುಗನಿಗೆ ಎರಡು ಹೊತ್ತು ಹಾಕಿ, ಮೂರನೆಯದಕ್ಕೆ ಬಸ್ಸು ಹತ್ತಿಸಿ ಕಳಿಸಿದಳು.

ಅವನು ಬಂದ ದಿನ ಸಂಜೆ ಅನ್ನವ್ವ ಮಗನನ್ನು ಕರೆದುಕೊಂಡು ಸೈಝಿಂಗ್ ಅಂಗಳಕ್ಕೆ ಹೋದಳು. ಅಭಯಕುಮಾರ ಮಾಸ್ತರ ಶಿವಗೊಂಡನನ್ನು ಮೇಲಿಂದ ಕೆಳಗೆ ನೋಡಿ, “ಮೈ ಇಳಸೋಣ ಬಿಡ್ರಿ ವೈನಿ, ಇಲ್ಲಿ ದಣದ ನಿಲ್ಲಾಕ ಜಾಗಾನ ಇಲ್ಲ,” ಎಂದ. ಆಟವಾದ ಮೇಲೆ ಮಗ ಉಣ್ಣಲು ಮನೆಗೇ ಬರುತ್ತಾನೆ, ಬೆಳಗಿನ ಕಾಂಡಿಗೆ ತೊಂದರೆಯಿಲ್ಲ. ಅವಳು ಹೊರಡುವಾಗ ಮಾಸ್ತರ ಸಂಕೋಚದಿಂದ ಇನ್ನೊಂದು ಮಾತು ತೆಗೆದ. ಹುಡುಗರ ಬನಿಯನ್ನುಗಳನ್ನು ತಾಯಂದಿರು ವಾರಕ್ಕೊಬ್ಬರಂತೆ ಒಗೆದು ಕೊಡುತ್ತಾರೆ, ಬರುವ ವಾರ ಅವಳ ಪಾಳಿ.

ಅನ್ನವ್ವ ಅಲ್ಲೇ ನಿಂತಳು. ಹೆಂಗಸಿನ ತಲೆಗೆ ಕಟ್ಟುವ ಕೆಲಸ ಅಲ್ಲಿಯೂ ಇತ್ತು. ಅವಳಿಗೆ ಸಿಟ್ಟಿಗಿಂತ ಸುಸ್ತು ಹೆಚ್ಚಾಯಿತು.

“ಆಡವರ ಒಗೀಲಿ ಮಾಸ್ತರ. ಇಲ್ಲಂದ್ರ ಇವನ್ನ ಕರಕೊಂಡ ಹೋಗತೀನಿ.”

ಮಾಸ್ತರ ತಲೆ ಕೆರೆದುಕೊಂಡ. “ಒಗೀತಾರ್ರಿ. ಬಿಳೇವು ಬಿಳೇವು ಉಳ್ಯಾಂಗಿಲ್ಲ, ಅಷ್ಟ.”

“ಉಳೀಲಿಲ್ಲಂದ್ರ ಬಿಡಲಿ.”

ಮನೆಗೆ ಮರಳುವಾಗ ಓಣಿಯ ತಿರುವಿನಲ್ಲಿ ಶಿವಗೊಂಡ ಒಮ್ಮೆಲೇ, “ನಿನ್ನ ದೆಸಿಂದ ನನ್ನ ಆಟ ಹೋತು,” ಎಂದ.

ಇರಬಹುದು ಎಂದುಕೊಂಡಳು ಅನ್ನವ್ವ. ಕೊಲ್ಹಾಪುರದ ಆ ಮೈದಾನ ದೊಡ್ಡದಿತ್ತು, ಹಸಿರಿತ್ತು, ಸುತ್ತ ಕೂತು ನೋಡುವ ಜನರಿದ್ದರು. ಸಿಮೆಂಟಿನ ಅಂಗಳ ಅದಕ್ಕೆ ಸರಿಯೋ ಅಲ್ಲವೋ ಅಳೆಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಮಗನ ತಲೆ ಸವರಲು ಹೋದಳು, ಅವನು ಸರಿದುಕೊಂಡ. ಹಾಗೇ ಇಬ್ಬರೂ ನಡೆದರು.

ಸೋಮವಾರ ಮಳೆ ಹಿಡಿದಿತ್ತು. ಕಾಡಸಿದ್ದ ಜಗಲಿಯಲ್ಲಿ ಕೂತು, ಮೊಮ್ಮಗನ ದೈವಕ್ಕೆ ಸೊಸೆ ಅಡ್ಡ ಬಂದಳೆಂದು ಹಾಲಿನವನಿಗೆ ಹೇಳುತ್ತಿದ್ದ. ಮಂಗಲ ಗೋಣಿಕೊಪ್ಪೆ ಹೊದ್ದು, ಅಜ್ಜನ ಕಾಲು ದಾಟಿ, ಅವ್ವನತ್ತ ತಿರುಗಿ ನೋಡದೆ ಶಾಲೆಗೆ ಹೋದಳು. ತಿರುಗಿ ನೋಡಿದರೆ ಯಾರಾದರೂ ಕರೆದಾರೆಂಬ ಭಯ ಅವಳಿಗೆ. ಶೆಡ್ಡಿನಿಂದ ಗುರುಸಿದ್ದ ಕಾಂಡಿ ಕೇಳಿ ಕೂಗಿದ. ಅನ್ನವ್ವ ತುಂಬಿದ ಬುಟ್ಟಿಯನ್ನು ಕಾಲಿನಿಂದ ಬಾಗಿಲ ಕಡೆ ನೂಕಿ, ಹೊಸ ಕಾಂಡಿ ಏರಿಸಿ, ನೂಲಿನ ಎಳೆ ಹುಡುಕತೊಡಗಿದಳು.